ಕಾಲಿಗೆ ಬುದ್ಧಿ ಹೇಳಿದ ಡಾಕ್ಟರಮ್ಮ

ಸಭೆಯ ಅಧ್ಯಕ್ಷರೂ ವಿಭಾಗದ ಮುಖ್ಯಸ್ಥರೂ ಆದ ಪ್ರೊಫೆಸರ್ ಅವರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಮೊನ್ನೆಯಷ್ಟೇ ಡಾಕ್ಟರೇಟ್ ಪಡೆದು ಇಂದು ಸನ್ಮಾನಕ್ಕೆ ಪಾತ್ರರಾಗಿರುವ ನಮ್ಮ ಡಾಕ್ಟರಮ್ಮನವರೇ, ಮುಂದಿನ ಸಾಲಿನಲ್ಲಿ ಸ್ಕ್ರೂಡ್ರೈವರ್ ಹಿಡಿದು ಕುಳಿತಿರುವ ಉಗ್ರಾಣದ ಅಧಿಕಾರಿಗಳೇ, ಮತ್ತು ಚಹಾ ಆರಿಹೋಗುತ್ತಿದೆಯಲ್ಲಾ ಎಂಬ ಚಿಂತೆಯಲ್ಲಿರುವ ಸಭಿಕರೇ,

ಎರಡು ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ಮೂವತ್ತು ವರ್ಷ ಶಾಲೆಯಲ್ಲಿ ಭಾಷೆ ಕಲಿಸಿದವನ ಕೈಗೆ ಮೈಕು ಕೊಟ್ಟು ಎರಡೇ ಮಾತು ಎನ್ನುವುದು ಧೈರ್ಯದ ಕೆಲಸ. ಆದರೆ ಇವತ್ತು ನಾನು ಎಳೆಯುವುದಕ್ಕೆ ಬೇರೆಯೇ ಕಾರಣವಿದೆ, ಮುಚ್ಚಿಡುವುದಿಲ್ಲ. ಭಾಷಣ ಮುಗಿಸಿ ಕೆಳಗಿಳಿದ ಕೂಡಲೇ ನಾನು ನನ್ನ ಎಡಗಾಲನ್ನು ಬಿಚ್ಚಿ ಉಗ್ರಾಣದವರಿಗೆ ಒಪ್ಪಿಸಬೇಕು. ಕಾಲು ವಿಭಾಗದ್ದು. “ಸಂಶೋಧನೆ ನಡೆಯೋವರೆಗೆ ಮಾತ್ರ ಅದು ನಿಮ್ಮ ಹತ್ರ ಇರಬಹುದು ಮೇಷ್ಟ್ರೇ, ನಿಯಮ” ಎಂದು ಅಧ್ಯಕ್ಷರು ಬೇಸರದಿಂದಲೇ ಹೇಳಿದರು. ಇನ್ನು ಮುಂದೆ ಅದು ಗಾಜಿನ ಬೀರುವಿನಲ್ಲಿ ನಿಲ್ಲುತ್ತದಂತೆ. ನನ್ನ ಹಳೆಯ ಕಾಲನ್ನು ಅವರು ಚೀಲದಲ್ಲಿ ತಂದಿಟ್ಟಿದ್ದಾರೆ. ಹೆಬ್ಬೆರಳು ಹೊರಗೆ ಇಣುಕುತ್ತಿರುವುದು ಇಲ್ಲಿಗೇ ಕಾಣುತ್ತಿದೆ. ಹೀಗಿರುವಾಗ ಭಾಷಣವನ್ನು ಬೇಗ ಮುಗಿಸುವ ಮೂರ್ಖನಿದ್ದಾನೆಯೇ, ನೀವೇ ಹೇಳಿ?

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಸಕ್ಕರೆ ಕಾಯಿಲೆ ನನ್ನ ಎಡಗಾಲನ್ನು ಮಂಡಿಯ ಮೇಲಿಂದ ತೆಗೆದುಕೊಂಡು ಹೋಯಿತು. ಆಮೇಲೆ ಬಂದದ್ದು ಆ ಚೀಲದ ಕಾಲು. ಅದು ನಿಲ್ಲುತ್ತದೆ, ಮಡಚುವುದಿಲ್ಲ. ನಡೆದರೆ ಗೇಟು ತೆರೆದ ಹಾಗೆ ಪಕ್ಕಕ್ಕೆ ಹೋಗಿ ಮುಂದೆ ಬರುತ್ತದೆ. ಹೀಗಿದ್ದಾಗ ಒಂದು ದಿನ ಈ ಹುಡುಗಿ ಬಂದು ಬಾಗಿಲು ತಟ್ಟಿದಳು.

“ಮೇಷ್ಟ್ರೇ, ನಿಮ್ಮ ಕಾಲು ಬೇಕಿತ್ತು.”

“ಇರೋದೇ ಒಂದು ಕಣಮ್ಮ.”

“ಅದಲ್ಲ, ಇಲ್ಲದೇ ಇರೋದು.”

ಮಂಡಿಯೊಳಗೊಂದು ಮೋಟಾರು, ಅದರ ಪಕ್ಕ ಉಗುರಿನಷ್ಟು ಕಂಪ್ಯೂಟರು. ನಾನು ನಡೆಯುವ ರೀತಿಯನ್ನು ಅದು ಕಲಿಯುತ್ತಾ ಹೋಗುತ್ತದೆ ಎಂದು ವಿವರಿಸಿದಳು. “ಒಟ್ಟಿನಲ್ಲಿ ಕಾಲಿಗೆ ಬುದ್ಧಿ ಹೇಳೋದು ಮೇಷ್ಟ್ರೇ, ಅದೇ ನನ್ನ ಪಿಎಚ್‌ಡಿ” ಅಂದಳು. ನಾನು ಬೆಚ್ಚಿಬಿದ್ದೆ. ಕಾಲಿಗೆ ಬುದ್ಧಿ ಹೇಳು ಎಂದರೆ ಓಡಿಹೋಗು ಎಂದು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಪ್ರತಿ ಪರೀಕ್ಷೆಯಲ್ಲೂ ಕೇಳಿದವನು. ಈ ಹುಡುಗಿ ಓಡದೆ, ಐದು ವರ್ಷ ಒಂದೇ ಕಡೆ ಕುಳಿತು ಅದನ್ನು ಮಾಡಲು ಹೊರಟಿದ್ದಳು.

ಮೊದಮೊದಲು ಕಾಲಿಗೆ ಬುದ್ಧಿಗಿಂತ ಉತ್ಸಾಹ ಹೆಚ್ಚು. ನಾನು ನಿಂತರೂ ಅದು ಹೊರಡುತ್ತಿತ್ತು. ಬ್ಯಾಂಕಿನ ಸಾಲಿನಲ್ಲಿ ನನ್ನ ಮುಂದಿದ್ದವರನ್ನು ಒದೆಯಿತು. ಕ್ಷಮಿಸಿ ಎನ್ನಲು ಬಾಗಿದೆ, ಇನ್ನೊಂದು ಕೊಟ್ಟಿತು. “ಏನ್ರೀ, ಕಾಲು ಕೆರೆದು ಜಗಳಕ್ಕೆ ಬರ್ತೀರಾ?” ಎಂದು ಅವರು ಕೂಗಾಡಿದರು. ನುಡಿಗಟ್ಟಿನ ಪ್ರಯೋಗ ಸರಿಯಾಗಿತ್ತು, ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟೆ. ಹಿಂದೆ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಈ ಮಹಾತಾಯಿ ಹೇಳಿದ್ದೇನು ಗೊತ್ತೇ? “ಮೇಷ್ಟ್ರೇ, ಇನ್ನೊಂದ್ಸಲ ಒದೀತೀರಾ? ರೆಕಾರ್ಡ್ ಆಗ್ಲಿಲ್ಲ.”

ಅವಳ ಪಾಡೇನು ಕಡಿಮೆಯೇ? ಮಾರ್ಗದರ್ಶಕರಿಗೆ ಯಾವಾಗಲೂ ಇನ್ನೊಂದೇ ಒಂದು ಪ್ರಯೋಗ ಬೇಕು. ಚಿಕ್ಕಮ್ಮನಿಗೆ “ಇನ್ನೂ ಓದ್ತಾನೇ ಇದೀಯೇನೇ?” ಎಂಬ ಆಶ್ಚರ್ಯ. ಪಕ್ಕದ ಮನೆಯವರು ಹೇಗೂ ಡಾಕ್ಟರ್ ಆಗುತ್ತಾಳಲ್ಲ ಎಂದು ಹೊಟ್ಟೆನೋವು ಹಿಡಿದುಕೊಂಡು ಬರುತ್ತಿದ್ದರು. ಒಂದು ಸಂಜೆ ಮೋಟಾರು ಸುಟ್ಟು ಪ್ರಯೋಗಾಲಯ ತುಂಬ ಹೊಗೆ. ನೆಲದ ಮೇಲೆ ಕುಳಿತು ಅತ್ತೇಬಿಟ್ಟಳು. “ಸಾಕಾಯ್ತು ಮೇಷ್ಟ್ರೇ, ಬಿಟ್ಬಿಡ್ತೀನಿ.” ನಾನು ದೊಡ್ಡ ಮಾತೇನೂ ಆಡಲಿಲ್ಲ. “ಬಿಡೋದಾದ್ರೆ ಬಿಡಮ್ಮ, ಆದ್ರೆ ಇದು ಮಡಚಿಕೊಂಡೇ ಕೂತಿದೆ. ನಾನು ಮನೆಗೆ ಹೋಗೋದು ಹೇಗೆ?” ಎಂದೆ. ಅಳುತ್ತಲೇ ನಕ್ಕು, ಮೂಗೊರೆಸಿಕೊಂಡು ಸ್ಕ್ರೂಡ್ರೈವರ್ ಎತ್ತಿಕೊಂಡಳು.

ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಕೇಳಿದರು: “ತಾನು ಎಲ್ಲಿಗೆ ಹೋಗ್ತಿದೀನಿ ಅಂತ ಈ ಕಾಲಿಗೆ ಗೊತ್ತಾಗುತ್ತಾ?” “ಇಲ್ಲ ಸರ್. ಐದು ವರ್ಷ ನನಗೂ ಗೊತ್ತಿರ್ಲಿಲ್ಲ” ಅಂದಳು. ಪಾಸು ಮಾಡಿಬಿಟ್ಟರು.

ಈಗ ಒಂದು ಮನೆಯ ವಿಷಯ. ಹೇಳಬಾರದು ಎಂದುಕೊಂಡಿದ್ದೆ, ಬಾಗಿಲ ಪಕ್ಕ ಕುಳಿತಿರುವ ನನ್ನ ಹೆಂಡತಿ ಆಗಲೇ ಸಾಕು ಎಂದು ಕೈಸನ್ನೆ ಮಾಡುತ್ತಿದ್ದಾಳೆ. ಹಳೆಯ ಕಾಲಿನ ದಿನಗಳಲ್ಲಿ ನಾವಿಬ್ಬರೂ ಹೊರಗೆ ಹೊರಟರೆ ಅವಳ ಚಪ್ಪಲಿಯದ್ದೇ ಕಾಟ. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು, ಬಗ್ಗಿ ಬಾರು ಬಿಗಿಮಾಡುತ್ತಿದ್ದಳು. “ಎಂಥ ಚಪ್ಪಲಿನೇ ಇದು!” ಎಂದು ರೇಗಿ ಹೊಸದು ಕೊಡಿಸಿದೆ. ಅದೂ ಸಡಿಲ. ಇನ್ನೊಂದು ಕೊಡಿಸಿದೆ. ಅಂಗಡಿಯವನ ಜೊತೆ ಜಗಳವೂ ಆಯಿತು. ಆಮೇಲೆ ಈ ಕಾಲು ಬಂತು, ನಾನು ಅವಳ ಸಮಕ್ಕೆ ನಡೆಯತೊಡಗಿದೆ. ಅಂದಿನಿಂದ ಇಂದಿನವರೆಗೆ ಆ ಚಪ್ಪಲಿ ಒಮ್ಮೆಯೂ ಸಡಿಲವಾಗಿಲ್ಲ, ಸ್ವಾಮೀ. ಇಷ್ಟು ವರ್ಷ ನನಗೆ ಅರ್ಥವಾಗಲಿಲ್ಲವಲ್ಲ! ಕ್ಷಮಿಸಿ, ಸ್ವಲ್ಪ ನೀರು ಕೊಡಿ.

ಆ ಚೀಲದ ಕಾಲು ಹಾಕಿಕೊಂಡು ಮನೆಗೆ ಹೊರಟರೆ ಅವಳು ಮತ್ತೆ ಬಗ್ಗಬೇಕು. ಅವಳಿಗೂ ಈಗ ಸೊಂಟನೋವು.

ಇರಲಿ, ನಿಯಮವೆಂದರೆ ನಿಯಮ. ನಾನೂ ಮೇಷ್ಟರು, ಒಪ್ಪುತ್ತೇನೆ. ಆದರೆ ಡಾಕ್ಟರಮ್ಮನ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಈ ಸಭೆಯಲ್ಲಿ ಎಷ್ಟು ಜನರಿದ್ದಾರೆ? ಅಧ್ಯಕ್ಷರು ಮೇಲೆ ಫ್ಯಾನು ನೋಡುತ್ತಿದ್ದಾರೆ. ನಾನು ಓದಿದ್ದೇನೆ, ಕಾಗುಣಿತ ತಿದ್ದುವ ಚಟದಿಂದ. ಕೊನೆಯ ಪುಟದ ಕೊನೆಯ ವಾಕ್ಯ ಹೀಗಿದೆ: ‘ಈ ಕಾಲಿನಿಂದ ಓಡಲು ಸಾಧ್ಯವೇ ಎಂಬುದು ಮುಂದಿನ ಸಂಶೋಧನೆಗೆ ಬಿಟ್ಟ ವಿಷಯ.’ ಬಿಟ್ಟ ವಿಷಯ! ಅಂದರೆ ಸಂಶೋಧನೆ ಎಲ್ಲಿ ಮುಗಿಯಿತು? ಸಂಶೋಧನೆ ನಡೆಯುವವರೆಗೆ ಕಾಲು ಯಾರ ಹತ್ತಿರ ಇರಬಹುದು? ಹೇಳಿದವರು ಯಾರು? ಅಧ್ಯಕ್ಷರು ನಗುತ್ತಿದ್ದಾರೆ, ಅದನ್ನು ನಾನು ಒಪ್ಪಿಗೆ ಎಂದೇ ಬರೆದುಕೊಳ್ಳುತ್ತೇನೆ.

ಡಾಕ್ಟರಮ್ಮಾ, ಲ್ಯಾಪ್‌ಟಾಪ್ ತೆರೆ, ಈ ಸಲ ರೆಕಾರ್ಡ್ ಆಗಲಿಲ್ಲ ಎನ್ನಬೇಡ. ಉಗ್ರಾಣದವರೇ, ನೀವು ನಿಧಾನವಾಗಿ ಚಹಾ ಕುಡಿದು ಬನ್ನಿ. ಏನೇ, ಚಪ್ಪಲಿ ಮೆಟ್ಟಿಕೋ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ಹೋಗುವ ಮುನ್ನ ಆ ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸಿ ತೋರಿಸುತ್ತೇನೆ: ಮೇಷ್ಟರು ಸಭೆಗೆ ವಂದಿಸಿ, ಹೆಂಡತಿಯ ಕೈ ಹಿಡಿದು, ಕಾಲಿಗೆ ಬುದ್ಧಿ ಹೇಳಿದರು.

ನಮಸ್ಕಾರ!