ಕಥೆ ಮುಗಿಯೋ ಮುಂಚೆ ಏಳಬಾರದು

ಎಲ್ಲರಿಗೂ ಶರಣು. ಮುಂದೆ ಕೂತಿರುವ ದ್ರಾಕ್ಷಾಯಣಕ್ಕ, ಮಗ ಮುರುಗೇಶ್, ತಳಕಿನಿಂದ ಕೆಲಸ ಬಿಟ್ಟು ಬಂದಿರುವ ಅವರ ಓಣಿಯ ಅವ್ವಂದಿರು, ಮೊಳಕಾಲ್ಮುರು ಕಡೆಯ ನಾಟಕದ ಗೆಳೆಯರು, ಚಳ್ಳಕೆರೆಯ ಹಿರಿಯರು — ಎಲ್ಲರಿಗೂ ಕೈ ಮುಗಿಯುತ್ತೇನೆ. ಇಂಥ ಶ್ರದ್ಧಾಂಜಲಿ ಸಭೆಯಲ್ಲಿ ಮೈಕ್ ಹಿಡಿಯುವ ಅಭ್ಯಾಸ ನನಗಿಲ್ಲ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ನಿರ್ಮಲಾ. ಬಸ್ ಸ್ಟ್ಯಾಂಡ್ ಪಕ್ಕದ ಟೈಪಿಂಗ್, ಜೆರಾಕ್ಸ್ ಅಂಗಡಿ ನಿಮಗೆ ಗೊತ್ತಲ್ಲ, ಅದನ್ನು ಚಿಕ್ಕಬಸಪ್ಪಣ್ಣನೂ ನಾನೂ ಸೇರಿ ನಡೆಸಿದೆವು. ಸೇರಿ ಅಂದರೆ — ಗಿರಾಕಿಗಳನ್ನು ನಾನು ನೋಡುವುದು, ಅವರು ಮೂಲೆಯಲ್ಲಿ ಕೂತು ನಾಟಕ ಬರೆಯುವುದು. ಯಾರಾದರೂ ಆಧಾರ್ ಕಾರ್ಡ್ ಜೆರಾಕ್ಸ್‌ಗೆ ಬಂದರೆ, ಅಣ್ಣ ತಲೆ ಎತ್ತಿ, ಈ ಮಾತನ್ನ ನಿಮ್ಮ ಕಡೆ ಹೆಂಗಂತೀರಿ ಅಂತ ಕೇಳುವುದು. ಜೆರಾಕ್ಸ್‌ಗೆ ಬಂದವರು ಒಂದು ಗಂಟೆ ಕೂತು, ಸಂಭಾಷಣೆ ಹೇಳಿಕೊಟ್ಟು, ಆಧಾರ್ ಮರೆತು ಹೋಗುತ್ತಿದ್ದರು.

ನೀವು ನಗ್ತಾ ಇದ್ದೀರಿ. ನಗಿ. ಅವರಿಗೂ ಅದೇ ಇಷ್ಟ.

ಆದರೆ ಒಂದು ವಿಷಯದಲ್ಲಿ ಮಾತ್ರ ಆ ಮನುಷ್ಯ ಬಲು ಕಟ್ಟುನಿಟ್ಟು. ಕಥೆ ಹೇಳಲು ಶುರು ಮಾಡಿದರೆ, ಮುಗಿಯುವ ತನಕ ಯಾರೂ ಏಳುವಂತಿಲ್ಲ. ಫೋನ್ ಬಂದರೂ ಇಲ್ಲ, ಬಸ್ ಹೊರಟರೂ ಇಲ್ಲ. ಎದ್ದರೆ ಅಂಗಿ ಹಿಡಿದು ಕೂರಿಸುತ್ತಿದ್ದರು. ಈ ಸಾಲಿನಲ್ಲೇ ಹಾಗೆ ಕೂತವರು ಎಷ್ಟು ಜನ ಇದ್ದೀರಿ, ನನಗೆ ಗೊತ್ತು.

ಅದು ಯಾಕೆ ಅಂತ ಹೇಳ್ತೀನಿ. ಬಹಳ ಹಿಂದೆ ಬೆಂಗಳೂರಿನ ಒಬ್ಬ ಧಾರಾವಾಹಿಯವನು ನಮ್ಮ ಕಡೆ ಬಂದಿದ್ದ. ಕಥೆ ಐತಾ ಅಂದ. ನಮ್ಮಣ್ಣನಿಗೆ ಅಷ್ಟು ಕೇಳಿದರೆ ಸಾಕಲ್ಲ. ಬರೆದಿಟ್ಟದ್ದು ಒಂದು ಹಾಳೆಯೂ ಇಲ್ಲ, ಎಲ್ಲ ತಲೆಯಲ್ಲಿ. ಹೋಟೆಲ್‌ನಲ್ಲಿ ಕೂತು, ಕೈ ಕಾಲು ಆಡಿಸಿ, ಅತ್ತು, ನಕ್ಕು ಹೇಳಿದರು. ಅರ್ಧ ಆಗುವಷ್ಟರಲ್ಲಿ ಆ ಪುಣ್ಯಾತ್ಮ ಫೋನ್ ಬಂತು ಅಂತ ಎದ್ದು ಹೋದ. ಹೋದವನು ಹೋದ. ಮುಂದಿನ ವರ್ಷ ಟಿವಿಯಲ್ಲಿ ಅದೇ ಕಥೆ. ಅರ್ಧ ಮಾತ್ರ ಇವರದು. ಉಳಿದರ್ಧ ಅವನದು — ಸತ್ತವಳು ವಾಪಸ್ ಬರುವುದು, ಅವಳ ಅವಳಿ ತಂಗಿ, ವಿಷದ ಪಾಯಸ, ಎಲ್ಲ.

ಕೇಳಲು ಹೋದರೆ, ನಿಮ್ಮದು ಅನ್ನೋಕೆ ಏನೈತೆ ಅಂದರಂತೆ. ಏನೂ ಇರಲಿಲ್ಲ. ಆದರೆ ಕದ್ದದ್ದಕ್ಕೆ ಅಣ್ಣ ಅಷ್ಟು ಬೇಜಾರು ಮಾಡಿಕೊಳ್ಳಲಿಲ್ಲ. ‘ಕದೀಲಿ ಕಣಮ್ಮ, ಪೂರ್ತಿ ಕೇಳಿಸ್ಕೊಂಡು ಕದೀಬಾರ್ದಿತ್ತಾ? ಆ ಹುಡುಗೀನ ಎಲ್ಲಿಗೆ ತಗೊಂಡೋಗಿ ಕೆಡವಿದ ನೋಡು’ ಅಂದರು. ಅವರು ಬರೆದ ಹೆಣ್ಣುಮಕ್ಕಳು ಅವರಿಗೆ ಸ್ವಂತ ಮಕ್ಕಳ ಹಾಗೆ. ಅವರು ಕಣ್ಣೀರು ಹಾಕಿದ್ದನ್ನು ನಾನು ಮೊದಲು ನೋಡಿದ್ದು ಆವತ್ತೇ.

ಆಮೇಲೆ ಯಾರೋ ಹೇಳಿದರು — ಬರೆದದ್ದನ್ನು ಕವರ್‌ಗೆ ಹಾಕಿ, ಸೀಲ್ ಮಾಡಿ, ನಿಮ್ಮ ವಿಳಾಸಕ್ಕೇ ರಿಜಿಸ್ಟರ್ ಪೋಸ್ಟ್ ಮಾಡಿಕೊಳ್ಳಿ, ಬಂದಾಗ ಒಡೆಯಬೇಡಿ, ಅದೇ ಸಾಕ್ಷಿ ಅಂತ. ಸರಿ. ಮುಂದಿನ ನಾಟಕವನ್ನು ಹಾಗೇ ತಳಕಿನ ಮನೆಗೆ ಕಳಿಸಿದರು. ಎಲ್ಲ ಮಾಡಿದರು — ಹೆಂಡತಿಗೆ ಒಂದು ಮಾತು ಹೇಳುವುದು ಬಿಟ್ಟು.

ನಮ್ಮ ಕಡೆ ಮನೆಗೆ ರಿಜಿಸ್ಟರ್ ಪೋಸ್ಟ್ ಬಂದರೆ ಏನರ್ಥ? ಕೋರ್ಟು, ಇಲ್ಲ ಜಮೀನು. ದ್ರಾಕ್ಷಾಯಣಕ್ಕ ಎದೆ ಹಿಡಿದುಕೊಂಡು ಒಡೆದೇಬಿಟ್ಟರು. ನೋಡಿದರೆ ನಾಟಕ. ಒಬ್ಬರೇ ಓದಿದ್ದರೆ ಆಗುತ್ತಿತ್ತು. ಪಕ್ಕದ ಮನೆ ಬೋರಕ್ಕನನ್ನು ಕರೆದರು, ಬೋರಕ್ಕ ಸಿದ್ದಕ್ಕನನ್ನು ಕರೆದಳು, ಇಡೀ ಓಣಿ ಜಗಲಿ ಮೇಲೆ ಕೂತು ಕೇಳಿತು. ಒಂದು ಸಲ ಅಲ್ಲ, ಸಾಕಾಗುವ ತನಕ. ಅಣ್ಣ ಮನೆಗೆ ಬಂದರೆ ಕವರ್ ಹರಿದಿದೆ, ಓಣಿಯೆಲ್ಲ ಕಣ್ಣು ಒರೆಸಿಕೊಳ್ಳುತ್ತಿದೆ. ತಲೆ ಮೇಲೆ ಕೈ ಹೊತ್ತು ಕೂತರಂತೆ. ಅಕ್ಕ ಏನಂದರು ಗೊತ್ತಾ — ‘ಚೆನ್ನಾಗೈತ್ರಿ, ಯಾಕೆ ಮುಚ್ಚಿಟ್ರಿ?’

ಅಕ್ಕ ಈಗಲೂ ಸೆರಗು ಬಾಯಿಗಿಟ್ಟುಕೊಂಡಿದ್ದಾರೆ, ನೋಡಿ.

ಆದರೆ ಕೇಳಿ. ಆ ನಾಟಕವನ್ನು ಒಂದು ಕಂಪನಿ ಓದಲು ಇಸಿದುಕೊಂಡು ಹೋಯಿತು. ಬೇಡ ಅಂದಿತು. ಆಮೇಲೆ ಜಟಿಂಗ ರಾಮೇಶ್ವರದ ಬೆಟ್ಟದ ಕೆಳಗಿನ ಒಂದು ಊರಿನಲ್ಲಿ, ಬೇರೆ ಹೆಸರಿಟ್ಟು ಆಡಿತು. ಅವರ ಗ್ರಹಚಾರ, ಬೋರಕ್ಕನ ಮಗಳನ್ನು ಕೊಟ್ಟದ್ದು ಅದೇ ಊರಿಗೆ. ನೆಂಟರ ಮನೆಗೆ ಅಂತ ಓಣಿಯ ಅರ್ಧ ಜನ ಅಲ್ಲಿದ್ದರು. ನಾಟಕ ಶುರುವಾಯಿತು. ನಾಯಕಿ ಬಾಯಿ ತೆಗೆಯುವ ಮೊದಲೇ ಚಾಪೆ ಮೇಲಿಂದ ಬೋರಕ್ಕ ಮಾತು ಹೇಳಿದಳು. ನಾಯಕಿ ತಬ್ಬಿಬ್ಬಾದಳು. ಮುಂದಿನ ಮಾತನ್ನು ಸಿದ್ದಕ್ಕ ಹೇಳಿದಳು. ಅದರ ಮುಂದಿನದನ್ನು ಎಲ್ಲರೂ ಸೇರಿ ಹೇಳಿದರು. ಕೊನೆಗೆ ಮ್ಯಾನೇಜರ್ ಪರದೆ ಪಕ್ಕದಿಂದ ಬಂದು, ‘ತಪ್ಪಯ್ಯಿಂದಮ್ಮಾ’ ಅಂತ ತೆಲುಗಿನಲ್ಲೇ ತಪ್ಪೊಪ್ಪಿಕೊಂಡು ಕೈ ಮುಗಿದು, ಬರೆದವರ ಹೆಸರನ್ನು ಮೈಕಿನಲ್ಲಿ ಕೂಗಿ ಹೇಳಿದ.

ಆವತ್ತು ಅಣ್ಣ ನನಗೆ ಹೇಳಿದ್ದು — ಸೀಲು ನಿಲ್ಲಲಿಲ್ಲ, ಓಣಿ ನಿಂತಿತು ಅಂತ.

ಹಾಗಂತ ಓಣಿಯನ್ನೇ ನಂಬಿ ಕೂರಲಿಲ್ಲ. ವಕೀಲರನ್ನು ಕೇಳಿದರು. ನಿಮಗೆ ನೀವೇ ಕಳಿಸಿಕೊಂಡ ಕವರ್‌ಗೆ ದೊಡ್ಡ ಬೆಲೆಯಿಲ್ಲ, ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿ ಅಂದರು. ಅಲ್ಲಿಂದ ಮುಂದೆ ನಮ್ಮ ಅಂಗಡಿಗೆ ಯಾವ ಬರೆಯುವ ಹುಡುಗ ಬರಲಿ, ಹುಡುಗಿ ಬರಲಿ, ಮೊದಲು ಪೂರ್ತಿ ಬರೆದು ಮುಗಿಸಿ, ನೋಂದಾಯಿಸಿ, ಆಮೇಲೆ ಊರು ಸುತ್ತಿ ಅನ್ನುತ್ತಿದ್ದರು. ಕೇಳಿದವರಿಗೆಲ್ಲ ಪೂರ್ತಿ ಕೊಡಬೇಡಿ, ಒಂದು ಪುಟದ ಸಾರಾಂಶ ಕೊಡಿ, ಯಾರಿಗೆ ಯಾವತ್ತು ಕೊಟ್ಟಿರಿ ಅನ್ನುವುದಕ್ಕೆ ಇಮೇಲ್ ಇರಲಿ. ‘ಸೀರೆ ಅಂಚು ತೋರ್ಸು, ಮಡಿಕೆ ಪೂರ್ತಿ ಬಿಚ್ಚಬ್ಯಾಡ’ — ಮೊಳಕಾಲ್ಮುರಿನ ನೇಯ್ಗೆಯವರಿಗೂ ಅರ್ಥವಾಗುವ ಹಾಗೆ ಹೇಳುತ್ತಿದ್ದರು. ಇಲ್ಲಿ ಕೂತಿರುವ ಜ್ಯೋತಿಲಕ್ಷ್ಮಿಯ ಮೊದಲ ಕಥೆ ಇವತ್ತು ಅವಳದೇ ಹೆಸರಿನಲ್ಲಿ ಇದೆ ಅಂದರೆ, ಅದು ಅಣ್ಣನ ಬೈಗುಳದ ಪುಣ್ಯ.

ಈಗ — ಇದನ್ನು ಹೇಳದೆ ಹೋದರೆ ನನಗೆ ನಿದ್ದೆ ಬರಲ್ಲ.

ಅಣ್ಣನ ಕೊನೆಯ ನಾಟಕ ನಮ್ಮ ಅಂಗಡಿಯ ಕಂಪ್ಯೂಟರ್‌ನಲ್ಲಿದೆ. ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿ ನಡೆಯುವ ಕಥೆ. ಅಷ್ಟೇ ಹೇಳುತ್ತೇನೆ. ಜಾಸ್ತಿ ಹೇಳಿದರೆ ಈ ಫೋಟೋದಿಂದ ಇಳಿದು ಬಂದು ಬೈತಾರೆ. ಕೊನೆಯ ದೃಶ್ಯ ಮಾತ್ರ ಬರೆದಿಲ್ಲ. ಮೊನ್ನೆ ಬೆಂಗಳೂರಿನಿಂದ ಫೋನ್ ಬಂದಿತ್ತು. ಅಣ್ಣನ ನೆನಪಿಗೆ ಸಿನಿಮಾ ಮಾಡುತ್ತಾರಂತೆ, ಇದ್ದಷ್ಟನ್ನು ವಾಟ್ಸಾಪ್ ಮಾಡಬೇಕಂತೆ, ಕೊನೆಯನ್ನು ಅವರೇ ಕೂಡಿಸಿಕೊಳ್ಳುತ್ತಾರಂತೆ. ಕಳಿಸಿಬಿಡೋಣ, ಅಪ್ಪನ ಹೆಸರು ಉಳಿಯುತ್ತದೆ ಅಂತ ಮುರುಗೇಶ್ ಅಂದ. ತಪ್ಪಲ್ಲಪ್ಪ, ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಆದರೆ ನಾನು ಕಳಿಸಲ್ಲ. ಅರ್ಧ ಕಥೆ ಕೊಟ್ಟು ಅಣ್ಣ ಒಂದು ಸಲ ಅತ್ತಿದ್ದಾರೆ. ಬರೆದವರು ಚಿಕ್ಕಬಸಪ್ಪ, ಹಕ್ಕುದಾರರು ದ್ರಾಕ್ಷಾಯಣಮ್ಮ ಮತ್ತು ಮಕ್ಕಳು — ಹೀಗೆ ನೋಂದಣಿ ಆಗಲಿ. ಆಮೇಲೆ ಯಾರು ಬೇಕಾದರೂ ಮನೆ ಬಾಗಿಲಿಗೆ ಬರಲಿ. ಇಂಥದ್ದೊಂದು ನಾಟಕ ಇದೆ ಅನ್ನುವುದಕ್ಕೆ ಇವತ್ತಿನಿಂದ ನೀವೆಲ್ಲ ಸಾಕ್ಷಿ.

ಕೊನೆಯ ದೃಶ್ಯ ನಿಮಗೆ ಹೇಳಿದ್ದರಾ ಅಂತ ಅಕ್ಕನನ್ನು ಕೇಳಿದೆ. ಊಟಕ್ಕೆ ಕೂತಾಗ ಹೇಳಿದ್ದರಂತೆ. ಏನು ಅಂದೆ. ಅಕ್ಕ ನನ್ನನ್ನೇ ನೋಡಿ — ‘ಮೊದ್ಲು ನೋಂದಣಿ ಆಗ್ಲಿ ಕಣೇ, ಆಮೇಲೆ ಹೇಳ್ತೀನಿ’ ಅಂದರು. ಕವರ್ ಒಡೆದ ಅಕ್ಕ ಇವರೇನಾ ಅಂತ ನಾನು ನಕ್ಕುಬಿಟ್ಟೆ. ಅತ್ತೂಬಿಟ್ಟೆ.

ಅವರ ಕೊನೆಯ ದಿನ ಅಂಗಡಿಯಲ್ಲಿ ಅಣ್ಣ ಆ ನಾಟಕ ಓದುತ್ತಿದ್ದರು. ಕೊನೆಯ ದೃಶ್ಯದ ಹತ್ತಿರ ಬಂದು ನಿಲ್ಲಿಸಿದರು. ಯಾಕೋ ಎದೆ ಹಿಡಿದಂಗೈತೆ, ನಾಳೆ ಹೇಳ್ತೀನಿ ಅಂತ ಎದ್ದರು. ಅಷ್ಟು ವರ್ಷದಲ್ಲಿ ಕಥೆ ಮುಗಿಯುವ ಮುಂಚೆ ಅವರು ಎದ್ದದ್ದು ಅದೊಂದೇ ಸಲ. ನಾನು ಅಂಗಿ ಹಿಡಿದು ಕೂರಿಸಬೇಕಿತ್ತು.

ಮುಗಿಯುವ ತನಕ ಏಳಬೇಡಿ ಅಂತಿದ್ದ ಮನುಷ್ಯ. ಅವರ ಕಥೆ ಇನ್ನೂ ಮುಗಿದಿಲ್ಲ, ಅಕ್ಕನ ಹತ್ತಿರ ಇದೆ. ಆದರೂ ಇದೊಂದು ಸಲ, ಅವರ ಮಾತು ಮೀರೋಣ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಒಂದು ನಿಮಿಷ ಸುಮ್ಮನೆ ನಿಂತು, ಆಮೇಲೆ ಕೂತುಕೊಳ್ಳೋಣ.