ರೌಹಾಳ ಸೌನಾ ಸರದಿ

ವೆನ್ಲಾ ಒಣಗಿದ ಹೊದಿಕೆಗಳನ್ನು ಸದ್ದಿಲ್ಲದೆ ಮಡಿಸುತ್ತಿದ್ದಳು. ತುರ್ಕು ಪಟ್ಟಣದಲ್ಲಿ ಅವಳಿದ್ದ ವಸತಿ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ, ಬಿಸಿಹಬೆಯ ಸೌನಾ ಎರಡೂ ಎಲ್ಲರಿಗೂ ಸೇರಿದ್ದವು; ಸೌನಾಕ್ಕೆ ವಾರಕ್ಕೊಮ್ಮೆ ಮನೆಗೊಂದು ಸರದಿ. ಒಂಟಿ ಮುದುಕಿ ರೌಹಾ ತನ್ನ ಸರದಿಗೆಂದು ಟವೆಲ್ ಹಿಡಿದು ಇಳಿದು ಬಂದವಳು, ಯಂತ್ರದ ಪಕ್ಕ ಕೂತಿದ್ದ ನೆರೆಮನೆಯ ಓಸ್ಮೊನನ್ನು ಕಂಡು ಬಾಗಿಲಲ್ಲೇ ನಿಂತು ಹೇಳಿದಳು:

“ನನ್ನ ಕಂಪ್ಯೂಟರಿಗೆ ನೀನು ಹಾಕಿಕೊಟ್ಟ ಪುಕ್ಕಟೆ ಆ್ಯಂಟಿವೈರಸ್ ಏನೂ ಇಲ್ಲ ಅಂತಿದೆ.”

“ಹಾಗಾದ್ರೆ ಏನೂ ಇಲ್ಲ. ಹೋದ ಸಲ ಒಂದು ಕಾಸೂ ಕೇಳದೆ ರಾಶಿ ವೈರಸ್ ಹಿಡಿದುಕೊಡ್ತಲ್ಲ?”

“ಮತ್ತೆ ಪರದೆ ಮೇಲಿನ ಬಾಣ ತಾನಾಗೇ ಯಾಕೆ ಓಡಾಡುತ್ತೆ?”

“ನಿನ್ನ ಬೆಕ್ಕು ತುಳಿದಿರತ್ತೆ.”

“ಬೆಕ್ಕಿಗೆ ಬರೆಯೋಕೂ ಬರುತ್ತಾ ಮಾರಾಯ?”

ಓಸ್ಮೊನ ನಗು ಅಲ್ಲಿಗೇ ನಿಂತಿತು. “ಯಾರಾದ್ರೂ ಹೇಳಿದ್ರು ಅಂತ ಏನಾದ್ರೂ ಹಾಕಿಕೊಂಡ್ಯಾ?”

“ಬ್ಯಾಂಕಿನವನು ಅಂತ ಒಬ್ಬ ಫೋನ್ ಮಾಡಿದ್ದ. ದೂರದಿಂದಲೇ ಸರಿಮಾಡ್ತೀನಿ ಅಂದ. ಅವನು ಹೇಳಿದ್ದನ್ನ ನಾನೇ ಹಾಕಿಕೊಂಡೆ.”

“ಅಯ್ಯೋ ಮಾರಾಯ್ತಿ! ಆ ಆ್ಯಂಟಿವೈರಸ್ ಕಳ್ಳರನ್ನ ಹಿಡಿಯುತ್ತೆ, ನೀನೇ ಕರೆದು ಕೂರಿಸಿದ ನೆಂಟನನ್ನ ಹಿಡಿಯಲ್ಲ. ಏನು ಬರೆದಿದ್ದಾನೆ?”

“ಈಗ ಹೊರಡೋವಾಗ ಪರದೆ ಮೇಲೆ ಬಂತು, ಅದರ ಕ್ಯಾಮೆರಾ ದೀಪಾನೂ ಉರೀತಿತ್ತು. ‘ಟವೆಲ್ ತಗೊಂಡ್ಯಲ್ಲ, ನಿಧಾನಕ್ಕೆ ಬಾ. ನಾವು ನಿನ್ನ ಮನೆ ಒಳಗಿರ್ತೀವಿ’ ಅಂತ.”

ಓಸ್ಮೊ ಒದ್ದೆ ಬಟ್ಟೆಗಳನ್ನು ಯಂತ್ರದಲ್ಲೇ ಬಿಟ್ಟು ಎದ್ದ. ಅವನೂ ರೌಹಾಳೂ ಮೆಟ್ಟಿಲು ಹತ್ತಿ ಹೋದರು. ಕೆಳಗೇ ಉಳಿದ ವೆನ್ಲಾಗೆ ಮೇಲಿನಿಂದ ರೌಹಾಳ ದನಿಯೊಂದೇ ಕೇಳಿಸಿತು:

“ಓಸ್ಮೊ, ಬಾಗಿಲು ನೀನೇ ತೆಗಿ.”