ಉಟ್ಟು ಮೆತ್ತಗಾದ ಧೋತರ

ಒಂದು ಪೇಟೆ ಊರು, ಅಲ್ಲೊಬ್ಬ ಜವಳಿ ಸಾಹುಕಾರ. ಎಂಥ ಸಾಹುಕಾರ? ಉಟ್ಟ ಧೋತರ ನಾಲ್ಕನೆಯ ಸಲ ಮೈಗೆ ಹತ್ತಿಸಿದವನಲ್ಲ! ಸ್ವಲ್ಪ ಮಾಸಿದರೆ ಸಾಕು, ಬೀದಿಗೆ ಬರುವ ಪಾತ್ರೆಯವಳಿಗೆ ಕೊಟ್ಟು ಸ್ಟೀಲ್ ಡಬ್ಬಿ ತಗೊಂಡಾಯಿತು. ನಗಬೇಡಿ ತಾಯಂದಿರೇ, ನಿಮ್ಮ ಡಬ್ಬಿಗಳೂ ಹಾಗೇ ಬಂದವು.

ಅವನ ತಾಯಿಗೆ ಎಪ್ಪತ್ತೆರಡು. ವರ್ಷದೊಳಗೆ ದೃಷ್ಟಿ ಹೋಗುತ್ತದೆ, ಔಷಧವಿಲ್ಲ ಅಂದಿದ್ದರು ಡಾಕ್ಟರು. ಆಕೆ ಅತ್ತಳೇ? ಇಲ್ಲ, ಸೂಜಿ ಹಿಡಿದಳು. "ಕಣ್ಣು ಇರೂದ್ರಾಗ ಮನ್ಯಾಗಿನ ಎಲ್ಲಾರಿಗೂ ಒಂದೊಂದು ಕೌದಿ ಹೊಲೀತೀನಿ. ಉಟ್ಟ ಬಿಟ್ಟ ಅರಿವಿ ಕೊಡ್ರಿ" ಅಂದಳು.

ಮಗನಿಗೆ ನಾಚಿಕೆ. "ಯವ್ವಾ, ಮೂರು ಮಹಡಿ ಅಂಗಡಿ ಐತಿ. ನೀ ಚಿಂದಿ ಹೊಲಿಯೂದು ನೋಡಿದ್ರ ಮಂದಿ ಏನಂದಾರು?" ಅಂತ ಹೊಸ ಬಟ್ಟೆಯ ಥಾನು ತಂದಿಟ್ಟ.

"ಛಲೋ ಐತಿ. ಒಂದು ವರ್ಷ ಉಟ್ಟು ಆಮ್ಯಾಲ ಕೊಡಪ್ಪ" ಅಂದಳು ತಾಯಿ.

ನೋಡಿ, ಕೌದಿ ಅಂದರೆ ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿದ ಹೊದಿಕೆ; ಹೊಸ ಬಟ್ಟೆ ಅದಕ್ಕೆ ಬರುವುದಿಲ್ಲ, ಮೈಗೆ ಚುಚ್ಚುತ್ತದೆ. ಬೆವರಿ, ತೊಳೆದು, ಮತ್ತೆ ಬೆವರಿ ಮೆತ್ತಗಾದದ್ದೇ ಬೇಕು.

ಚಳಿಗಾಲದ ಒಂದು ಮುಂಜಾನೆ ಮಕ್ಕಳು ಕೌದಿ ಹರವಿಕೊಂಡು ಕೂತಿದ್ದರು. "ಇದು ಮುತ್ತಜ್ಜನ ರುಮಾಲು, ಇದು ಅತ್ತಿ ಲಂಗ, ಇದು ನನ್ನ ತೊಟ್ಟಿಲ ಅರಿವಿ." ಸಾಹುಕಾರ ನಿಂತಲ್ಲೇ ಬೆರಗಾದ. ನಾಲ್ಕು ತಲೆಮಾರು ಒಂದೇ ದಾರದಲ್ಲಿ! "ನನ್ನದೆಲ್ಲೈತಿ?" ಅಂದ.

"ಹಚ್ಚಾಕ ನೀ ಏನ ಉಳಿಸಿದ್ದಿ ಮಗನಾ?" ಅಂದಳು ತಾಯಿ.

ಆ ಮಾತು ಎದೆಗೆ ನಾಟಿತು. ಅಂದಿನಿಂದ ಒಂದೇ ಧೋತರ; ದಿನಾ ಒಗೆಯುವುದು, ದಿನಾ ಉಡುವುದು. ಗಿರಾಕಿಗಳು, "ಸಾಹುಕಾರ್ರು ದಿವಾಳಿ ಎದ್ದಾರೇನು?" ಅಂತ ನಕ್ಕರು. ವಾರಕ್ಕೊಮ್ಮೆ ತಾಯಿ ಅಂಚು ತಿಕ್ಕಿ ನೋಡೋಳು. "ಇನ್ನೂ ಇಲ್ಲಪ್ಪ." ಅತ್ತ ಕಣ್ಣು ಮಬ್ಬಾಗುತ್ತಿದೆ, ಇತ್ತ ಬಟ್ಟೆ ಮೆತ್ತಗಾಗುತ್ತಿಲ್ಲ! ಎಂಟನೆಯ ತಿಂಗಳು ಅಂದಳು: "ಈಗ ಇದು ನಿನ್ನದಾತು." ಆದರೆ ಅಷ್ಟೊತ್ತಿಗೆ ಆಕೆಗೆ ಮಗನ ಮುಖವೇ ಕಾಣುತ್ತಿರಲಿಲ್ಲ.

ನಿಂತಿತೇ ಹೊಲಿಗೆ? ಇಲ್ಲ ಶರಣರೇ, ನಿಲ್ಲಲಿಲ್ಲ! ಮಗ ದಾರ ಪೋಣಿಸಿ ಕೊಟ್ಟ, ತಾಯಿ ಬೆರಳಿನಲ್ಲೇ ನೋಡಿ ಹೊಲಿದಳು. ಹೊಲಿಗೆಯ ಸಾಲುಗಳು ಅಡ್ಡಾದಿಡ್ಡಿ ಹೋದವು. ಗುಡಿಯಲ್ಲೂ ಬಗ್ಗದ ಸಾಹುಕಾರನ ತಲೆ ಆ ಅಡ್ಡಾದಿಡ್ಡಿ ಸಾಲಿನ ಮುಂದೆ ಬಗ್ಗಿತು. ತಾನು ಕಾಣದ ಚಳಿಗೆ, ತಾನಿಲ್ಲದ ವರ್ಷಗಳಿಗೆ ಈಗಲೇ ಹೊದಿಕೆ ಹೊಲಿಯುವ ಆ ಕೈ ಎಂಥದ್ದು! ನನಗಂತೂ ಹೇಳಲು ಮಾತು ಸಾಲದು.

ಈಗ ನಿಮ್ಮನ್ನು ಕೇಳುತ್ತೇನೆ. ಹಬ್ಬಕ್ಕೊಂದು ಹೊಸ ಸೀರೆ ತಂದುಕೊಟ್ಟರೆ ತಾಯಿಗೆ ಎಲ್ಲಾ ಕೊಟ್ಟಂತಾಯಿತೇ? ನಾಳೆ ಆಕೆ ಸೂಜಿ ಹಿಡಿದಾಗ "ಅಂಗಡ್ಯಾಗ ಸಿಗತಾವು, ಬಿಡಬೇ" ಅನ್ನಬೇಡಿ. ಫೋನು ಕೆಳಗಿಡಿ. ಪಕ್ಕದಲ್ಲಿ ಕೂತುಕೊಳ್ಳಿ. ಯಾರ ಬಟ್ಟೆ ಅದು, ಯಾವಾಗಿನದು, ಕೇಳಿ. ಆಕೆ ಕೊಟ್ಟ ಕೌದಿಯನ್ನು ಟ್ರಂಕಿನಲ್ಲಿ ಮಡಚಿಟ್ಟಿದ್ದರೆ ಇವತ್ತೇ ತೆಗೆಯಿರಿ, ಹೊದ್ದುಕೊಳ್ಳಿ. ಹೊದ್ದುಕೊಂಡು, "ಬೆಚ್ಚಗೈತಿ ಯವ್ವಾ" ಅಂತ ಬಾಯಿಬಿಟ್ಟು ಹೇಳಿ. ಆಕೆಯ ಕಿವಿಗೆ ಬೀಳುವಾಗಲೇ ಹೇಳಿ.